ಪುಸ್ತಕದಲ್ಲಿ ಬರೆಯದ ಅರಶಿನ

ಮೀನಿನ ಮೊಟ್ಟೆ ನೋಡಿಕೊಳ್ಳುವುದಕ್ಕೆ ನನಗೆ ಕೆಲಸ ಸಿಕ್ಕಿತು ಎಂದಾಗ ನನ್ನ ಅವ್ವಿ ನಂಬಲಿಲ್ಲ. ಅಘನಾಶಿನಿಯಲ್ಲಿ ಹೊಳೆಗಿಳಿದು, ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರಿ ನನ್ನನ್ನು ಬಿ.ಎಸ್ಸಿ. ಓದಿಸಿದವಳು ಅವಳು. ಮೀನು ಹಿಡಿಯುವುದು ಕೆಲಸ, ಮಾರುವುದು ಕೆಲಸ, ಒಣಗಿಸುವುದೂ ಕೆಲಸ. ಮೊಟ್ಟೆಯನ್ನು ಸುಮ್ಮನೆ ನೋಡುತ್ತ ಕೂರುವುದು ಯಾವ ಸೀಮೆಯ ಕೆಲಸ ಎಂದು ಕೇಳಿದಳು. ಮೂವತ್ತೊಂದು ವರ್ಷ ನೋಡಿದೆ. ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ.

ನಾನು ಹೊನ್ನಾವರದ ಒಂದು ಸಂಶೋಧನಾ ಕೇಂದ್ರಕ್ಕೆ ಪ್ರಯೋಗಾಲಯ ಸಹಾಯಕಿಯಾಗಿ ಸೇರಿ ಅದೇ ಕುರ್ಚಿಯಿಂದ ನಿವೃತ್ತಳಾದವಳು. ಬಡ್ತಿ ಎಂದರೆ ಆ ಕುರ್ಚಿಗೆ ಎರಡು ಸಲ ಹೊಸ ಬೆತ್ತ ಹೆಣೆಸಿದ್ದು, ಅಷ್ಟೇ. ಈಗ ನನ್ನ ಜಾಗಕ್ಕೆ ನಾಗವೇಣಿ ಎಂಬವಳು ಬಂದಿದ್ದಾಳೆ. ಅವಳಿಗೂ ಅವಳ ನಂತರ ಬರುವವರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ದೊಡ್ಡವರ ಗುಣಗಾನ ಬೇಕಿದ್ದವರು ಕೇಂದ್ರದ ವಾರ್ಷಿಕ ವರದಿ ಓದಬಹುದು. ಅದರಲ್ಲಿ ಬೇರೇನೂ ಇರುವುದಿಲ್ಲ.

ಸೇರಿದ ದಿನ ನಿಮಗೊಂದು ಬಿಳಿ ಕೋಟು ಕೊಡುತ್ತಾರೆ. ಅದನ್ನು ಆರಡಿ ಎತ್ತರದ ಗಂಡಸಿಗೆ ಹೊಲಿದಿರುತ್ತಾರೆ. ತೋಳು ಮಡಚಿ ಮಡಚಿ ಮೊಣಕೈವರೆಗೆ ತರಬೇಕು. ಬಿಸಿ ಪಾತ್ರೆ ಇಳಿಸಲು ಆ ಮಡಿಕೆ ಒಳ್ಳೆಯದು. ವಿಜ್ಞಾನದಲ್ಲಿ ಕೋಟಿನ ಬೇರೆ ಉಪಯೋಗ ನನಗೆ ಕಂಡದ್ದು ಮಂತ್ರಿಗಳು ಬಂದಾಗ ಮಾತ್ರ. ಆ ದಿನ ಎಲ್ಲರೂ ಗುಂಡಿ ಹಾಕಿಕೊಂಡು ಸಾಲಾಗಿ ನಿಲ್ಲುತ್ತಿದ್ದೆವು.

ಮೊದಲ ವರ್ಷವೇ ಜೀಬ್ರಾ ಮೀನು ಬಂತು. ಬೆರಳಿನಷ್ಟೂ ಉದ್ದವಿಲ್ಲ, ಮೈಮೇಲೆ ನೀಲಿ ಪಟ್ಟೆ. ಹೊರದೇಶದಿಂದ ವಿಮಾನದಲ್ಲಿ, ಆಮೇಲೆ ವ್ಯಾನಿನಲ್ಲಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಂದವು. ಅವುಗಳ ಸ್ವಾಗತಕ್ಕೆ ಟೇಪು ಕತ್ತರಿಸುವ ಕಾರ್ಯಕ್ರಮ, ದೀಪ ಬೆಳಗುವುದು, ಭಾಷಣ. ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಮೀನು ಹೊಟ್ಟೆ ಮೇಲೆ ಮಾಡಿದ್ದವು. ಹಳದೀಪುರದ ನಮ್ಮ ಮನೆಯ ಹಿಂದಿನ ಗದ್ದೆ ಕಾಲುವೆಯಲ್ಲಿ ಇದೇ ಬಳಗದ ಪಟ್ಟೆ ಮೀನು ಬೇಕಾದಷ್ಟಿವೆ, ಒಂದು ಕೊಡಪಾನದಲ್ಲಿ ತರಲೇ ಎಂದು ಆಗಿನ ಸಾಹೇಬರನ್ನು ಕೇಳಿದೆ. ಅದು ಕಾಡು ಮೀನು, ಇದು ವಿಜ್ಞಾನದ ಮೀನು ಎಂದು ಅವರು ಬುದ್ಧಿ ಹೇಳಿದರು. ಈ ವಿಜ್ಞಾನದ ಮೀನಿನ ಮೂಲ ನಮ್ಮ ದೇಶದ ತೊರೆಗಳೇ ಎಂಬುದು ಹಲವು ವರ್ಷಗಳ ನಂತರ ಒಂದು ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಈ ಗಾದೆಯನ್ನು ನೆನಪಿಡಿ, ಮುಂದೆ ಇನ್ನೊಮ್ಮೆ ಬೇಕಾಗುತ್ತದೆ.

ಕೆಲಸ ಹೀಗೆ. ಸಂಜೆ ಒಂದು ಪೆಟ್ಟಿಗೆಯಲ್ಲಿ ಗಂಡು ಮೀನು, ಹೆಣ್ಣು ಮೀನು, ನಡುವೆ ಒಂದು ಪರದೆ. ಬೆಳಿಗ್ಗೆ ದೀಪ ಹಾಕಿ ಪರದೆ ಎತ್ತಬೇಕು. ಅರ್ಧ ತಾಸಿನಲ್ಲಿ ತಳಕ್ಕೆ ಮೊಟ್ಟೆ ಬೀಳುತ್ತದೆ, ಸಾಸಿವೆಗಿಂತ ಚಿಕ್ಕದು, ಗಾಜಿನಂತೆ ಪಾರದರ್ಶಕ. ಅದಕ್ಕಾಗಿ ಹಳದೀಪುರದಿಂದ ಮೊದಲ ಬಸ್ಸಿಗೇ ಹೊರಡಬೇಕಿತ್ತು. ಊರವರ ಮನೆಯ ಗಂಡು ಹೆಣ್ಣಿನ ಜಗಳ ಬಿಡಿಸಲು ಪುರಸೊತ್ತಿಲ್ಲ, ಮೀನಿನ ಸಂಸಾರ ಹೂಡಲು ಓಡುತ್ತಾಳೆ ಎಂದು ನನ್ನ ಗಂಡ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಹೇಳಿ ನಗುತ್ತಿದ್ದರು.

ಆದರೆ ಆ ಮೊಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೊದಲ ದಿನ ನಾನು ಊಟ ಮರೆತಿದ್ದೆ. ಒಂದು ಕೋಶ ಕಣ್ಣೆದುರೇ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಮೊದಲ ಮೂರು ತಾಸು ಆ ಭ್ರೂಣದ ಸ್ವಂತ ಜೀನುಗಳು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ. ತಾಯಿ ಮೊಟ್ಟೆಯೊಳಗೆ ಕಟ್ಟಿಟ್ಟು ಕಳಿಸಿದ ಬುತ್ತಿಯಲ್ಲೇ ಎಲ್ಲ ನಡೆಯುತ್ತದೆ. ಬುತ್ತಿ ಎಂದರೆ ಆಹಾರ ಮಾತ್ರ ಅಲ್ಲ, ಮುಂದೇನು ಮಾಡಬೇಕು ಎಂಬ ಅಪ್ಪಣೆಯೂ ಅದರಲ್ಲಿರುತ್ತದೆ. ಕೋಶಗಳು ಸಾವಿರದ ಹತ್ತಿರ ಬಂದಾಗ ಭ್ರೂಣದ ಜೀನುಗಳು ಏಳುತ್ತವೆ. ಅಲ್ಲಿಂದ ಮುಂದೆ ಅದು ತನ್ನ ಬುದ್ಧಿಯಲ್ಲಿ ನಡೆಯುತ್ತದೆ.

ಎಲ್ಲ ಕೋಶದಲ್ಲೂ ಇರುವ ಜೀನು ಒಂದೇ. ಹಾಗಿದ್ದರೆ ಒಂದು ಕಣ್ಣಾಗುವುದು, ಇನ್ನೊಂದು ಬಾಲವಾಗುವುದು ಹೇಗೆ? ಇದನ್ನು ನನಗೆ ಯಾವ ಸಾಹೇಬರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟವಳು ಫರ್ಹಾನಾ. ಭಟ್ಕಳದ ಪಕ್ಕದ ಜಾಲಿಯ ಹುಡುಗಿ, ನಮ್ಮಲ್ಲಿ ಪಿಎಚ್.ಡಿ. ಮಾಡಲು ಬಂದವಳು. ಮನೆಯವರೊಡನೆ ಫೋನಿನಲ್ಲಿ ನವಾಯತಿ, ನನ್ನೊಡನೆ ಕನ್ನಡ, ಮೀನಿನೊಡನೆ ಯಾವುದೋ ಗೊಣಗಾಟ. ಯಾವ ಜೀನು ಏಳಬೇಕು ಎಂಬುದನ್ನು ಪಕ್ಕದ ಕೋಶ ಹೇಳಿ ಕಳಿಸುತ್ತದೆ, ಆ ಸುದ್ದಿ ಕೋಶದ ಗೋಡೆಗೆ ಬಂದು, ಒಳಗೆ ಕೈಯಿಂದ ಕೈಗೆ ದಾಟಿ ಜೀನಿನವರೆಗೆ ತಲುಪುತ್ತದೆ ಎಂದಳು. ನನಗೆ ಅರ್ಥವಾಗಲಿಲ್ಲ. ಆಗ ಅವಳು ಬಾಗಿಲಿನಾಚೆ ಕೂತಿದ್ದ ನಮ್ಮ ಹಿರಿಯ ಗುಮಾಸ್ತರನ್ನು ತೋರಿಸಿದಳು.

ಆ ಗುಮಾಸ್ತರ ನಿತ್ಯಕರ್ಮ ಕೆಳಗಿನವರ ಅರ್ಜಿಗಳನ್ನು ಸಾಹೇಬರ ಕೋಣೆ ತಲುಪದಂತೆ ನೋಡಿಕೊಳ್ಳುವುದು. ಬಂದದ್ದೆಲ್ಲ ಹರಿದು ಬುಟ್ಟಿಗೆ. ಮೇಲಿನಿಂದ ಒಂದು ಫೋನು ಬಂದರೆ ಮಾತ್ರ ಅವರ ಕೈ ನಿಲ್ಲುತ್ತಿತ್ತು. ಅವತ್ತು ಅರ್ಜಿಗಳು ರಾಶಿ ಬಿದ್ದು ತಾವಾಗಿಯೇ ಒಳಗೆ ಹೋಗುತ್ತಿದ್ದವು. ಕೋಶದೊಳಗೂ ಇದೇ ವ್ಯವಸ್ಥೆ. ಬಾಲ ಬೆಳೆಯಲಿ ಎಂದು ಹೇಳುವ ದೂತ ಒಳಗೆ ಸದಾ ಹುಟ್ಟುತ್ತಲೇ ಇರುತ್ತಾನೆ. ಹುಟ್ಟಿದ ಕೂಡಲೇ ಅವನನ್ನು ಹರಿದು ಹಾಕುವ ಒಂದು ಗುಂಪೂ ಇರುತ್ತದೆ. ಪಕ್ಕದ ಕೋಶದ ಸಂಕೇತ ಬಂದು ಗೋಡೆ ತಟ್ಟಿದಾಗ ಆ ಗುಂಪಿನ ಕೈ ಕಟ್ಟಿಹೋಗುತ್ತದೆ. ದೂತರು ಒಟ್ಟಾಗಿ ಕೋಶಕೇಂದ್ರಕ್ಕೆ ನುಗ್ಗಿ ಬಾಲದ ಜೀನನ್ನು ಎಬ್ಬಿಸುತ್ತಾರೆ. ಅಂದಿನಿಂದ ನನಗೆ ಗುಮಾಸ್ತರ ಮೇಲೆ ಒಂದು ತರಹ ಗೌರವ ಬಂತು. ಅವರು ಸೃಷ್ಟಿಯ ನಿಯಮದಂತೆ ನಡೆಯುತ್ತಿದ್ದಾರೆ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ.

ಸಂಕೇತ ಬಂದರೂ ಹರಿಯುವವರ ಕೈ ನಿಲ್ಲದಂತೆ ಮಾಡುವ ಒಂದು ಔಷಧಿ ಇದೆ. ಅದನ್ನು ಮೊಟ್ಟೆಯ ನೀರಿಗೆ ಹಾಕಿದರೆ ಬಾಲದ ಜೀನು ಏಳುವುದಿಲ್ಲ, ಬಾಲ ಡೊಂಕಾಗಿ ಮೋಟಾಗುತ್ತದೆ. ಎಷ್ಟು ಔಷಧಿಗೆ ಎಷ್ಟು ಜೀನು ಮಲಗುತ್ತದೆ ಎಂದು ಅಳೆಯುವುದು ಫರ್ಹಾನಾಳ ಪಿಎಚ್.ಡಿ.ಯ ವಿಷಯ.

ಜೀನು ಎದ್ದಿದೆಯೋ ಮಲಗಿದೆಯೋ ಎಂದು ತಿಳಿಯಲು ಆಗ ಬಣ್ಣ ಹಾಕುತ್ತಿದ್ದೆವು. ಭ್ರೂಣವನ್ನು ಎರಡು ಮೂರು ದಿನ ಏನೇನೋ ನೀರಿನಲ್ಲಿ ತೊಳೆದು, ಕೊನೆಗೆ ಬಣ್ಣದ ನೀರಿಗೆ ಬಿಟ್ಟರೆ ಜೀನು ಎದ್ದಿರುವ ಕಡೆ ಮಾತ್ರ ನೇರಳೆ ಮೂಡುತ್ತದೆ. ಅದನ್ನು ಕಣ್ಣಿಟ್ಟು ಕಾಯಬೇಕು, ಸರಿಯಾದ ಹೊತ್ತಿಗೆ ನಿಲ್ಲಿಸಬೇಕು. ಹಾಲು ಕಾಯಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಹಾಗೆ ಕಾಯುತ್ತಿದ್ದಾಗ ನಮ್ಮ ಮುಖ್ಯಸ್ಥರು, ಡಾ. ಶ್ರೀಧರಮೂರ್ತಿ, ಅತಿಥಿಗಳಿಗೆ ಚಹಾ ಕೊಡಲು ಕರೆದರು. ನಾನು ಮರಳಿ ಬರುವಷ್ಟರಲ್ಲಿ ಭ್ರೂಣಗಳೆಲ್ಲ ತಲೆಯಿಂದ ಬಾಲದವರೆಗೆ ಜಂಬು ನೇರಳೆಯ ಬಣ್ಣವಾಗಿದ್ದವು. ಅತಿಥಿ ಅದನ್ನು ನೋಡಿ ಇದೇನೆಂದು ಕೇಳಿದರು. ಜೀನು ಇಡೀ ದೇಹದಲ್ಲಿ ಎದ್ದಿದೆ, ನಮ್ಮ ಕೇಂದ್ರದ ಹೊಸ ಗಮನಿಕೆ ಎಂದರು ಶ್ರೀಧರಮೂರ್ತಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಜಾತಿಯ ಅತಿಥಿ ಅದನ್ನು ಬರೆದುಕೊಂಡು ಹೋದರು.

ಅದೊಂದು ಮಳೆಗಾಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಮೊಟ್ಟೆಗೆ ಬರದೇ ಇರುತ್ತದೆಯೇ? ಬೂಷ್ಟು ತಡೆಯಲು ನೀರಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ದ್ರವದ ಒಂದೆರಡು ಹನಿ ಹಾಕುವುದು ಕ್ರಮ. ಅದು ಖಾಲಿಯಾಗಿತ್ತು. ತರಿಸಿಕೊಡಿ ಎಂದು ಬರೆದೆ. ಗುಮಾಸ್ತರು ಹರಿದು ಹಾಕಿದರು. ಮತ್ತೆ ಬರೆದೆ. ಈ ಸಲ ಉತ್ತರ ಬಂತು: ಉಗ್ರಾಣದಲ್ಲಿ ನೀಲಿ ಶಾಯಿ ಸಾಕಷ್ಟು ಇರುವುದರಿಂದ ಹೊಸದಾಗಿ ತರಿಸುವ ಅಗತ್ಯ ಕಂಡುಬರುವುದಿಲ್ಲ.

ತಟ್ಟೆಗಳಲ್ಲಿ ಹತ್ತಿಯಂತೆ ಬೂಷ್ಟು ಬೆಳೆಯುತ್ತಿತ್ತು. ಫರ್ಹಾನಾ ದಿನವೂ ಸತ್ತ ಮೊಟ್ಟೆ ಹೆಕ್ಕಿ ಹೆಕ್ಕಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದಳು. ನನಗೆ ನೋಡಲಾಗಲಿಲ್ಲ. ಮೀನಿಗೆ ಏನೇ ಆಗಲಿ, ಮನುಷ್ಯರಿಗೆ ಏನೇ ಆಗಲಿ, ನಮ್ಮ ಅವ್ವಿಯ ಕೈ ಮೊದಲು ಹೋಗುವುದು ಅರಶಿನದ ಡಬ್ಬಿಗೆ. ನನ್ನ ಕೈಯೂ ಹೋಯಿತು. ಮನೆಯಿಂದ ಒಂದು ಪೊಟ್ಟಣ ತಂದು, ಒಂದು ಚಿಟಿಕೆಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ತಟ್ಟೆಗೆ ಹಾಕಿದೆ. ಎರಡು ದಿನದಲ್ಲಿ ಬೂಷ್ಟು ಹೋಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇಲ್ಲಿ ನನ್ನ ದಡ್ಡತನವನ್ನು ಬಿಡಿಸಿ ಹೇಳಬೇಕು. ಪ್ರಯೋಗದಲ್ಲಿ ಎರಡು ಬಗೆಯ ತಟ್ಟೆಗಳು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಏನೂ ಇಲ್ಲ. ಔಷಧಿ ಹೊರತು ಎರಡರಲ್ಲೂ ಎಲ್ಲವೂ ಒಂದೇ ತರಹ ಇರಬೇಕು. ವಿಜ್ಞಾನ ನಿಂತಿರುವುದೇ ಅದರ ಮೇಲೆ. ಔಷಧಿ ಹಾಕಿದ ತಟ್ಟೆಯಲ್ಲಿ ಹೆಚ್ಚು ಮೊಟ್ಟೆ ಸಾಯುತ್ತಿದ್ದವು, ಬೂಷ್ಟೂ ಅಲ್ಲೇ ಹೆಚ್ಚು. ಹಾಗಾಗಿ ನಾನು ಅರಶಿನ ಹಾಕಿದ್ದು ಆ ತಟ್ಟೆಗಳಿಗೆ ಮಾತ್ರ. ಕಾಯಿಲೆ ಬಿದ್ದವರಿಗೆ ಕಷಾಯ ಕೊಡುತ್ತಾರೆ, ಗಟ್ಟಿಮುಟ್ಟಾಗಿದ್ದವರಿಗೆ ಯಾರು ಕೊಡುತ್ತಾರೆ? ಔಷಧಿಯ ದ್ರಾವಣವೂ ಸ್ವಲ್ಪ ಹಳದಿಯೇ ಇತ್ತು. ಯಾರಿಗೂ ಗೊತ್ತಾಗಲಿಲ್ಲ. ನಾನು ಬಚ್ಚಿಟ್ಟದ್ದೂ ಅಲ್ಲ, ಪ್ರಯೋಗದ ದಿನಚರಿ ಪುಸ್ತಕದಲ್ಲಿ ಬರೆದದ್ದೂ ಅಲ್ಲ. ಬರೆಯಬೇಕೆಂದು ತೋಚಲೇ ಇಲ್ಲ.

ಆ ಮಳೆಗಾಲದಲ್ಲಿ ನಮ್ಮ ಕೇಂದ್ರಕ್ಕೆ ಅದೃಷ್ಟ ಖುಲಾಯಿಸಿತು. ಬೇರೆ ದೇಶದವರು ಹಾಕುವ ಔಷಧಿಯ ಹತ್ತನೇ ಒಂದು ಪಾಲಿಗೇ ನಮ್ಮ ಮೀನುಮರಿಗಳ ಬಾಲ ಡೊಂಕಾಗತೊಡಗಿತು. ಬಾಲದ ತುದಿಯಲ್ಲಿ ನೇರಳೆ ಬಣ್ಣದ ಸುಳಿವೇ ಇಲ್ಲ. ಶ್ರೀಧರಮೂರ್ತಿಯವರು ಮೈಕ್ರೋಸ್ಕೋಪಿನಿಂದ ಏಳಲೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರಿಗೆ ಆ ಡೊಂಕು ಬಾಲದ ಮರಿಗಳು ಮುದ್ದಾದವು. ಫೋಟೋ ದೊಡ್ಡದು ಮಾಡಿಸಿ ಕೋಣೆಯಲ್ಲಿ ತೂಗುಹಾಕಿದರು. ಸಂಕೇತದ ದಾರಿಯಲ್ಲಿ ಯಾರಿಗೂ ಕಾಣದ ಒಂದು ಒಳದಾರಿ ಇದೆ ಎಂದು ಪ್ರಬಂಧ ಬರೆದು ಹೊರದೇಶದ ಪತ್ರಿಕೆಗೆ ಕಳಿಸಿದರು. ಫರ್ಹಾನಾ ಇನ್ನೊಂದು ಸಲ ಮಾಡಿ ನೋಡೋಣ ಸರ್ ಎಂದಳು. ಒಳ್ಳೆಯ ಹೊತ್ತಿನಲ್ಲಿ ಅಪಶಕುನ ನುಡಿಯಬಾರದು ಎಂದರು.

ನವರಾತ್ರಿಯ ಹೊತ್ತಿಗೆ ಮಳೆ ಹಿಂದಾಯಿತು. ಬೂಷ್ಟು ಇಲ್ಲವಾಯಿತು. ನಾನು ಅರಶಿನ ನಿಲ್ಲಿಸಿದೆ. ಮೀನುಮರಿಗಳ ಬಾಲ ನೆಟ್ಟಗಾಯಿತು.

ಮೂರು ತಿಂಗಳು ಫರ್ಹಾನಾ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಳು. ಔಷಧಿ ಹೊಸದು ತರಿಸಿದಳು, ಉಷ್ಣತೆ ಬದಲಿಸಿದಳು, ಮೀನು ಬದಲಿಸಿದಳು. ಬಾಲ ಮಾತ್ರ ಕಡ್ಡಿಯಂತೆ ನೇರ. ಒಂದು ದಿನ ನನ್ನ ಪಕ್ಕದಲ್ಲಿ ಕೂತು, "ಸುಮಿತ್ರಕ್ಕ, ಮಳೆಗಾಲದಲ್ಲಿ ನಾವು ಎಂತ ಬೇರೆ ಮಾಡಿದ್ದು?" ಎಂದು ಕೇಳಿದಳು. ನಾನು ಬಹಳ ಹೊತ್ತು ಯೋಚಿಸಿ, ಎಂತದೂ ಇಲ್ಲ ಎಂದೆ. ನನ್ನಾಣೆಗೂ ಅದು ಸುಳ್ಳಲ್ಲ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಪ್ರಬಂಧ ಅಚ್ಚಾಗಿ, ಅದನ್ನು ಓದಿದ ಹೊರದೇಶದವರಿಂದ ಒಂದು ಪತ್ರ ಬಂತು. ನಿಮ್ಮ ಪ್ರಬಂಧದಂತೆ ಮಾಡಿದೆವು, ನಮಗೆ ಬಾಲ ಡೊಂಕಾಗಲಿಲ್ಲ ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಸಾಹೇಬರಿಗೆ ನೆಲವೂ ಬೇಕಾಗಲಿಲ್ಲ, ಕೈಗೆ ಹತ್ತಿರದಲ್ಲೇ ಒಬ್ಬ ವಿದ್ಯಾರ್ಥಿನಿ ಇದ್ದಳು. ಫರ್ಹಾನಾ ಹೆಸರು ಮಾಡುವ ಆಸೆಗೆ ತಟ್ಟೆ ಅದಲುಬದಲು ಮಾಡಿದ್ದಾಳೆ, ಹೆಚ್ಚು ಔಷಧಿ ಹಾಕಿ ಕಡಿಮೆ ಬರೆದಿದ್ದಾಳೆ ಎಂದು ಮೇಲಕ್ಕೆ ವರದಿ ಕಳಿಸಿದರು. ಹೊರಗಿನ ಮೂವರ ವಿಚಾರಣಾ ಸಮಿತಿ ನೇಮಕವಾಯಿತು. ತಪ್ಪು ರುಜುವಾದರೆ ಅವಳ ಪಿಎಚ್.ಡಿ. ರದ್ದು, ಮುಂದೆ ಯಾವ ಪ್ರಯೋಗಾಲಯವೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ.

ಶ್ರೀಧರಮೂರ್ತಿ ನನ್ನನ್ನು ಕರೆದು ಟೈಪು ಮಾಡಿದ ಒಂದು ಹಾಳೆ ಮುಂದಿಟ್ಟರು. ಔಷಧಿಯ ಹೊರತು ತಟ್ಟೆಗಳಿಗೆ ಬೇರೆ ಯಾವುದೇ ವಸ್ತುವನ್ನು ಹಾಕಿರುವುದಿಲ್ಲ ಎಂದು ಅದರಲ್ಲಿತ್ತು. ನಿಜವೇ ತಾನೇ ಎಂದು ಓದಿ, ಸಹಿ ಹಾಕಿ ಕೊಟ್ಟೆ. ಹಾಕುವಾಗ ಪೆನ್ನಿಗೂ ಅನುಮಾನ ಬರಲಿಲ್ಲ. ಆ ಹಾಳೆ ಫರ್ಹಾನಾಳ ಕುತ್ತಿಗೆಗೆ ಹಗ್ಗವಾಗುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ಭಾನುವಾರ ಅಘನಾಶಿನಿಯ ತವರಿಗೆ ಹೋಗಿದ್ದೆ. ಅವ್ವಿ ಜಗುಲಿಯಲ್ಲಿ ಕೂತು ಬಳಚು ಬಿಡಿಸುತ್ತಿದ್ದಳು. ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಒಂದು ಪಾತ್ರೆ ಹಿಡಿದುಕೊಂಡು ಬಂದಳು. ಘಟ್ಟದ ಮೇಲಿನವಳು, ಬಳಚು ಅಡುಗೆ ಗೊತ್ತಿಲ್ಲ. ಹಿಂದಿನ ದಿನ ಅವ್ವಿಯನ್ನು ಕೇಳಿಕೊಂಡು ಹೋಗಿ, ಕಾಯಿ, ಮೆಣಸು, ಕೊತ್ತಂಬರಿ, ಹುಣಸೆಹಣ್ಣು ಎಲ್ಲ ಹೇಳಿದಂತೆಯೇ ಹಾಕಿದ್ದಾಳೆ. ಆದರೂ ಬಿಳಿಚಿಕೊಂಡ ಸಾರು, ಹೊಲಸು ವಾಸನೆ, ಗಂಡ ಉಣ್ಣಲಿಲ್ಲ. ಅವ್ವಿ ಪಾತ್ರೆಯೊಳಗೆ ಇಣುಕಿ ನೋಡಿದಳು.

"ಅರಶಿನ ಹಾಕ್ಲಿಲ್ವೇನೆ?"

"ನೀವು ಹೇಳ್ಲೇ ಇಲ್ಲ."

"ಅದ್ನೂ ಹೇಳೂಕೆ ಬೇಕೇನೆ?"

ನನ್ನ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. ಮಳೆಗಾಲದ ಆ ತಟ್ಟೆಗಳು ಒಂದೊಂದಾಗಿ ಕಣ್ಣೆದುರು ಬಂದವು. ನಾನು ಅರಶಿನ ಹಾಕಿದ್ದೆ. ದಿನವೂ ಹಾಕಿದ್ದೆ. ಏನೂ ಹಾಕಿಲ್ಲ ಎಂದು ಸಹಿಯನ್ನೂ ಹಾಕಿದ್ದೆ. ಬಳಚು ಸಾರು ಕೆಟ್ಟದ್ದಕ್ಕೆ ಆ ಹುಡುಗಿ ಅಳುತ್ತಿದ್ದಳು, ನನಗೂ ಅಳು ಬಂತು. ಅವ್ವಿಗೆ ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯಲಿಲ್ಲ.

ಸೋಮವಾರ ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಮೊದಲು ಬಾಗಿಲು ಹಾಕಿದರು. ಆಮೇಲೆ ಗೋಡೆಯ ಮೇಲಿನ ಡೊಂಕು ಬಾಲದ ಫೋಟೋವನ್ನೇ ನೋಡುತ್ತ ನಿಂತರು.

"ಅರಶಿನ ಅಂತ ಹೇಳಿದರೆ ಜಗತ್ತು ನಗುತ್ತೆ ಕಣ್ರೀ. ಹುಡುಗಿ ತಪ್ಪು ಮಾಡಿದಳು ಅಂದರೆ ಯಾರೂ ನಗೋದಿಲ್ಲ. ನೀವು ಸಹಿ ಹಾಕಿದ್ದೀರಿ. ಈಗ ಬೇರೆ ಹೇಳಿದರೆ ಸುಳ್ಳು ಹೇಳಿದವರು ನೀವಾಗ್ತೀರಿ. ನೌಕರಿ ನಿಮ್ಮದು, ಯೋಚನೆ ಮಾಡಿ."

ಯೋಚನೆ ಮಾಡಿದೆ. ವೀರೆಯಂತೆ ಓಡಿಹೋಗಿ ಫರ್ಹಾನಾಳಿಗೆ ಹೇಳಿದೆ ಎಂದು ಬರೆಯಲು ನನಗೂ ಆಸೆ. ಎರಡು ದಿನ ಬಾಯಿ ಹೊಲಿದುಕೊಂಡಿದ್ದೆ. ಗಂಡನಿಗೆ ಆಗ ಕೆಲಸ ಇರಲಿಲ್ಲ, ಮನೆ ನಡೆಯುತ್ತಿದ್ದುದು ನನ್ನಿಂದ. ಅವಳು ಎದುರು ಬಂದರೆ ಕುಂಬಳಕಾಯಿ ಕಳ್ಳನಂತೆ ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮೂರನೇ ದಿನ ಅವಳು ಲೈಬ್ರರಿಯ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ಹಿಂತಿರುಗಿಸಲು ಹೊರಟದ್ದು ಕಂಡಿತು. ಯಾಕೆ ಎಂದು ಕೇಳಿದೆ. ಅವರು ಕಳಿಸುವ ಮೊದಲು ತಾನೇ ಹೋಗುತ್ತೇನೆ, ಮೂರು ತಿಂಗಳಿಂದ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಗಿದೆ ಎಂದಳು. ಆ ಕೈಯಷ್ಟು ಚೊಕ್ಕ ಕೈ ನಾನು ಮೂವತ್ತೊಂದು ವರ್ಷದಲ್ಲಿ ನೋಡಿಲ್ಲ. ನನಗೆ ನಾಚಿಕೆಯಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಹೇಳಿಬಿಟ್ಟೆ.

ಅವಳು ಪುಸ್ತಕದ ಚೀಲವನ್ನು ಮೆಟ್ಟಿಲ ಮೇಲೆ ಇಳಿಸಿದಳು. ಆಮೇಲೆ ಎಷ್ಟು ಹಾಕಿದ್ದಿರಿ ಎಂದು ಕೇಳಿದಳು. ಒಂದು ಚಿಟಿಕೆ ಎಂದೆ.

"ನಿಮ್ಮ ಮೇಲೆ ಸಿಟ್ಟು ಉಂಟು ಸುಮಿತ್ರಕ್ಕ. ಅದನ್ನ ಆಮೇಲೆ ಮಾಡ್ತೇನೆ. ಈಗ ನಂಗೆ ಮೊಟ್ಟೆ ಬೇಕು, ಮತ್ತೆ ನಿಮ್ಮ ಚಿಟಿಕೆ ಬೇಕು."

ತಕ್ಕಡಿಯ ಮುಂದೆ ನನ್ನನ್ನು ಕೂರಿಸಿ ಇಪ್ಪತ್ತು ಸಲ ಅರಶಿನ ಚಿವುಟಿಸಿದಳು. ಪ್ರತಿ ಚಿಟಿಕೆಯನ್ನೂ ತೂಗಿ ಬರೆದು, ಸರಾಸರಿ ತೆಗೆದಳು. ನನ್ನ ಹೆಬ್ಬೆರಳು ತೋರುಬೆರಳಿಗೆ ವಿಜ್ಞಾನದಲ್ಲಿ ಸಿಕ್ಕ ಸ್ಥಾನ ಅಷ್ಟು. ಮರುದಿನ ಬೆಳಿಗ್ಗೆ ನಾಲ್ಕು ತಟ್ಟೆಗಳು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಮಳೆಗಾಲದಲ್ಲಿ ಹಾಕಿದಷ್ಟೇ ಕಡಿಮೆ ಔಷಧಿ, ಒಂದಕ್ಕೆ ಅರಶಿನ, ಒಂದಕ್ಕೆ ಎರಡೂ. ಪುಸ್ತಕವನ್ನು ನನ್ನ ಕಡೆ ತಳ್ಳಿ, ನೀವೇ ಬರೆಯಿರಿ ಎಂದಳು. ನನ್ನ ಅಕ್ಷರದಲ್ಲಿ ಅರಶಿನ ಎಂದು ಬರೆದೆ. ಅದರ ಮರುದಿನ ನೋಡಿದೆವು. ಏನೂ ಹಾಕದ್ದು ನೆಟ್ಟಗೆ, ಔಷಧಿಯದೂ ನೆಟ್ಟಗೆ. ಅರಶಿನದ ತಟ್ಟೆಯಲ್ಲಿ ಕೆಲವು ಡೊಂಕು. ಎರಡೂ ಹಾಕಿದ ತಟ್ಟೆಯಲ್ಲಿ ಹೆಚ್ಚಿನವೆಲ್ಲ ಡೊಂಕು, ಗೋಡೆಯ ಮೇಲಿನ ಫೋಟೋದಲ್ಲಿದ್ದ ಅದೇ ಡೊಂಕು. ಔಷಧಿ ಕರಗಿಸಿದ ದ್ರಾವಕ ಅರಶಿನವನ್ನೂ ಮೊಟ್ಟೆಯೊಳಗೆ ಸಲೀಸಾಗಿ ಕರೆದೊಯ್ಯುತ್ತಿರಬೇಕು ಎಂದಳು ಫರ್ಹಾನಾ. ಅವಳ ದನಿಯಲ್ಲಿ ಹಳೆಯ ಉತ್ಸಾಹ ಮರಳಿತ್ತು.

ಸಮಿತಿ ಬಂದ ದಿನ ನನ್ನನ್ನು ಕರೆದದ್ದು ಸಹಿ ನನ್ನದೇ ಎಂದು ಹೇಳಿಸಲು. ಮೂವರಲ್ಲಿ ಹಿರಿಯರಾದ ಒಬ್ಬ ಹೆಂಗಸು ಅಧ್ಯಕ್ಷರು. ಹಾಳೆ ತೋರಿಸಿ ಇದು ನಿಮ್ಮ ಸಹಿಯೇ ಎಂದು ಕೇಳಿದರು. ಸಹಿ ನನ್ನದು, ಮೇಲೆ ಬರೆದದ್ದು ತಪ್ಪು ಎಂದೆ. ಶ್ರೀಧರಮೂರ್ತಿ ಕೆಮ್ಮಿದರು. ಹಾಗಾದರೆ ಯಾಕೆ ಸಹಿ ಹಾಕಿದಿರಿ ಎಂದು ಆ ತಾಯಿ ಕೇಳಿದರು.

"ನಮ್ಮ ಬದಿಗೆ ಅರಶಿನ ಹಾಕಿದ್ನ ಹಾಕಿದ್ದು ಅಂತ ಯಾರೂ ಹೇಳೂದಿಲ್ಲ ಮೇಡಂ. ಉಸಿರಾಡ್ದೆ ಅಂತ ಹೇಳ್ತ್ರಾ? ಹಂಗೆ. ಇದ್ರಲ್ಲಿ ಫರ್ಹಾನಾದು ಎಂತದೂ ತಪ್ಪಿಲ್ಲ. ತಪ್ಪು ನಂದು."

ಅವರು ನಗಲಿಲ್ಲ. ತಟ್ಟೆಗಳನ್ನು ತರಿಸಿ, ಮೈಕ್ರೋಸ್ಕೋಪಿನ ಮುಂದೆ ಕೂತು ನಾಲ್ಕನ್ನೂ ನೋಡಿದರು. ಪುಸ್ತಕದಲ್ಲಿ ನನ್ನ ಅಕ್ಷರವನ್ನೂ ನೋಡಿದರು. ಮೆಥಿಲೀನ್ ಬ್ಲೂ ತರಿಸಿಕೊಡಿ ಎಂದು ನಾನು ಬರೆದ ಅರ್ಜಿ ಎಲ್ಲಿ ಎಂದು ಕೇಳಿದಾಗ ಗುಮಾಸ್ತರು ಬುಟ್ಟಿಯ ಕಡೆ ನೋಡಿದರು. ನೀಲಿ ಶಾಯಿಯ ಉತ್ತರ ಮಾತ್ರ ನನ್ನ ಬಳಿ ಜೋಪಾನವಾಗಿತ್ತು. ಅದನ್ನು ಓದುವಾಗ ಮಾತ್ರ ಅವರು ಸ್ವಲ್ಪ ಹೊತ್ತು ಕರವಸ್ತ್ರ ಬಾಯಿಗೆ ಹಿಡಿದರು.

ಫರ್ಹಾನಾ ಮೇಲಿನ ಆರೋಪ ಬಿದ್ದುಹೋಯಿತು. ಪ್ರಬಂಧವನ್ನು ಹಿಂದೆ ತೆಗೆದುಕೊಂಡರು. ಶಿಕ್ಷೆಯಾದದ್ದು ಒಬ್ಬರಿಗೆ ಮಾತ್ರ, ಅದು ನನಗೆ. ಅನಧಿಕೃತ ಅಡುಗೆ ಸಾಮಗ್ರಿಯನ್ನು ಸಂಶೋಧನೆಗೆ ಬಳಸಿದ ಬಾಬತ್ತು ಒಂದು ವರ್ಷ ಉಗ್ರಾಣಕ್ಕೆ ವರ್ಗ. ನೀಲಿ ಶಾಯಿಯ ಬಾಟಲಿಗಳ ನಡುವೆ ಒಂದು ವರ್ಷ ಕೂತಿದ್ದೆ. ಅದು ನ್ಯಾಯವೇ, ಮಾಡಿದ್ದುಣ್ಣೋ ಮಹಾರಾಯ. ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ನಾನು ಉಗ್ರಾಣದಲ್ಲಿದ್ದಾಗಲೇ ಶ್ರೀಧರಮೂರ್ತಿ ಒಂದು ಹೊಸ ಯೋಜನೆ ತಂದರು. ಕೋಶದ ಸಂಕೇತಗಳ ಮೇಲೆ ನಮ್ಮ ಪುರಾತನ ಅರಶಿನದ ಪ್ರಭಾವ ಎಂಬ ವಿಷಯ, ಮೊದಲ ಹೆಸರು ಅವರದೇ. ಆಗ ನೆನಪಿಡಿ ಎಂದ ಗಾದೆ ಇಲ್ಲಿ ಬೇಕು: ಹಿತ್ತಲ ಗಿಡ ಸಾಹೇಬರ ಹೆಸರು ಸೇರಿದ ಮೇಲೆ ಮದ್ದಾಯಿತು. ಪೂರ್ವಜರ ಜ್ಞಾನದ ಬಗ್ಗೆ ಭಾಷಣ ಮಾಡುತ್ತ ಮಾಡುತ್ತ ದೊಡ್ಡ ಊರಿನ ದೊಡ್ಡ ಕುರ್ಚಿಗೆ ಏರಿದರು. ನನ್ನ ಅವ್ವಿ ಅವರಿಗೆ ಯಾವ ಲೆಕ್ಕದಲ್ಲಿ ಪೂರ್ವಜಳಾಗುತ್ತಾಳೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಫರ್ಹಾನಾ ಮಾತಿಗೆ ತಪ್ಪುವವಳಲ್ಲ. ಸಿಟ್ಟನ್ನು ಆಮೇಲೆ ಮಾಡಿದಳು. ಎರಡು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ. ಮೂರನೇ ತಿಂಗಳು ಉಗ್ರಾಣಕ್ಕೆ ಬಂದು, ಜಾಲಿಯ ಮನೆಯಿಂದ ತಂದ ಬಿರಿಯಾನಿಯ ಡಬ್ಬಿ ನನ್ನ ಮೇಜಿನ ಮೇಲಿಟ್ಟು, ಇದರಲ್ಲಿ ಎಂತೆಂತ ಹಾಕಿದೆ ಎಂದು ತಾಯಿ ಬರೆದುಕೊಟ್ಟಿದ್ದಾರೆ ನೋಡಿ ಎಂದು ಒಂದು ಚೀಟಿ ಕೊಟ್ಟಳು. ಚೀಟಿಯ ಮೊದಲ ಸಾಲಿನಲ್ಲಿ ಅರಶಿನ ಇತ್ತು. ಒಂದು ವರ್ಷ ತಡವಾಗಿ ಅವಳ ಪಿಎಚ್.ಡಿ. ಆಯಿತು. ಈಗ ಬೇರೆ ಊರಿನಲ್ಲಿ ಅವಳದೇ ಪ್ರಯೋಗಾಲಯವಿದೆ.

ಕೊನೆಯ ವರ್ಷಗಳಲ್ಲಿ ಎಲ್ಲ ಬದಲಾಯಿತು. ಈಗ ನೇರಳೆ ಬಣ್ಣಕ್ಕಾಗಿ ಕಾಯಬೇಕಾಗಿಲ್ಲ. ಜೀನು ಎದ್ದ ಕೂಡಲೇ ಬದುಕಿರುವ ಮರಿಯಲ್ಲೇ ಹಸಿರು ಬೆಳಕು ಹೊಳೆಯುವಂತೆ ಮಾಡಿದ ಮೀನುಗಳಿವೆ. ಬೇಡದ ಜೀನನ್ನು ಕತ್ತರಿಸಿ ಬಿಸಾಡುವ ವಿದ್ಯೆ ಬಂದಿದೆ. ಕ್ಯಾಮೆರಾ ತಾನೇ ಎಣಿಸುತ್ತದೆ, ಕಂಪ್ಯೂಟರು ತಾನೇ ಬರೆದಿಡುತ್ತದೆ. ಹಾಗಾಗಿ ತಪ್ಪಾಗುವುದಿಲ್ಲ ಎಂದು ಹೊಸ ಸಾಹೇಬರು ಹೇಳುತ್ತಾರೆ. ಹಿಂದಿನವರೂ ಹಾಗೇ ಹೇಳುತ್ತಿದ್ದರು. ಬೂಷ್ಟು ಮಾತ್ರ ಮೊದಲಿನಂತೆಯೇ ಬರುತ್ತದೆ.

ಹೊರಡುವ ಮೊದಲು ನಾನು ನಾಗವೇಣಿಗೆ ಒಂದು ನೋಟ್‌ಬುಕ್ ಬರೆದುಕೊಟ್ಟೆ. ನಲವತ್ತು ಪುಟ. ಪರದೆ ಎತ್ತುವ ಹೊತ್ತು, ಸತ್ತ ಮೊಟ್ಟೆ ಹೆಕ್ಕುವ ಬಗೆ, ತಟ್ಟೆ ತೊಳೆಯುವ ಕ್ರಮ, ಯಾವ ಸಾಹೇಬರಿಗೆ ಚಹಾಕ್ಕೆ ಸಕ್ಕರೆ ಬೇಡ, ಎಲ್ಲ. ಮೊದಲ ಪುಟದಲ್ಲೇ ಅರಶಿನ ಹಾಕಬಾರದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಇನ್ನು ಯಾರೂ ನನ್ನಂತೆ ಬೀಳಲಾರರು ಎಂಬ ನೆಮ್ಮದಿಯಲ್ಲಿ ಬಸ್ಸು ಹತ್ತಿದೆ.

ಎರಡನೇ ವಾರ ನಾಗವೇಣಿ ಫೋನು ಮಾಡಿದಳು. ದಿನವೂ ಮಧ್ಯಾಹ್ನದೊಳಗೆ ಮೊಟ್ಟೆಗಳೆಲ್ಲ ಬಿಳಿಯಾಗಿ ಸಾಯುತ್ತಿವೆ, ಕೆಲಸ ಬರುವುದಿಲ್ಲ ಎಂದು ಸಾಹೇಬರು ನೋಟಿಸು ಕೊಡುತ್ತೇನೆ ಎಂದಿದ್ದಾರೆ, ನಿಮ್ಮ ಪುಸ್ತಕದಲ್ಲಿ ಇರುವಂತೆಯೇ ಮಾಡುತ್ತಿದ್ದೇನೆ ಎಂದಳು. ಪುಟ ಪುಟವೂ ಕೇಳಿದೆ. ಒಂದೂ ತಪ್ಪಿರಲಿಲ್ಲ. ನೀರು ಎಲ್ಲಿಯದು ಎಂದು ಕೊನೆಗೆ ಕೇಳಿದೆ. ನಳದ್ದು, ಆಗಲೇ ಹಿಡಿದದ್ದು ಎಂದಳು.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಒಂದು ದಿನ ತೆರೆದ ಡ್ರಮ್ಮಿನಲ್ಲಿ ಬಿಟ್ಟು, ವಾಸನೆ ಹೋದ ಮೇಲೆ ಮೀನಿಗೆ ಹಾಕಬೇಕು. ಮೂವತ್ತೊಂದು ವರ್ಷ ದಿನವೂ ಸಂಜೆ ಡ್ರಮ್ಮು ತುಂಬಿಸಿಯೇ ಮನೆಗೆ ಹೊರಟವಳು ನಾನು. ನಲವತ್ತು ಪುಟದಲ್ಲಿ ಎಲ್ಲೂ ಅದನ್ನು ಬರೆದಿರಲಿಲ್ಲ.

ಅದನ್ನೂ ಹೇಳಬೇಕೇನೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿಕೊಂಡೆ.

"ತಪ್ಪು ನಂದು ನಾಗವೇಣಿ. ಸಾಹೇಬ್ರಿಗೂ ಹಂಗೇ ಹೇಳು, ಬೇಕಾದ್ರೆ ನಾನೇ ಬಂದು ಹೇಳ್ತೆ. ಈಗ ಆ ಪುಸ್ತಕ ತಗೀ, ಮೊದಲ ಪುಟದಲ್ಲಿ ಅರಶಿನದ ಮೇಲೆ ಜಾಗ ಇದ್ಯಾ ನೋಡು. ಇದ್ರೆ ಬರ್ಕೋ."